ಎಡಗೈ ಅಡುಗೆ

ಶಾಲೆಯ ಅಡುಗೆಕೋಣೆಯಲ್ಲಿ ಗಂಜಿ ಚೆಲ್ಲಿದ ಕಡೆ
ಕಾಲು ಜಾರಿತು. ಬಲಗೈ ಮಣಿಕಟ್ಟು.
ಮೆಗ್ಗಾನ್ ಆಸ್ಪತ್ರೆಯ ಡಾಕ್ಟರು ಬಿಳೀ ಕಟ್ಟು ಹಾಕಿ
ಆರು ವಾರ ಏನೂ ಎತ್ತಬೇಡಿ ಅಂದರು.
ಸೌಟು ಅದರಲ್ಲಿ ಸೇರುತ್ತದೋ ಇಲ್ಲವೋ
ಹೇಳಲಿಲ್ಲ.

ನೂರ ಅರವತ್ತು ಮಕ್ಕಳ ಸಾರಿಗೆ
ಕಣ್ಣು ಮುಚ್ಚಿ ಉಪ್ಪು ಹಾಕಿದ ಕೈ,
ಹದಿನಾಲ್ಕು ವರ್ಷ ಒಂದು ಚಮಚ ಕೇಳಿದ್ದಲ್ಲ.
ಈಗ ಹೊಸ್ತಿಲ ಪಕ್ಕ ಮಣೆ ಹಾಕಿ ಕೂತಿದ್ದೇನೆ.
ಒಲೆ ಮುಂದೆ ಇವರು,
ಮರದ ಮಿಲ್ಲಿನ ಹೊಟ್ಟು ಇನ್ನೂ ಹುಬ್ಬಿನ ಮೇಲೆ;
ಇವರ ಬೆನ್ನಿಗೆ ಹಾಲೇಶ, ಒಂಬತ್ತನೇ ಕ್ಲಾಸು,
ಗಣಿತದ ನೋಟ್‌ಬುಕ್ಕಿನ ಹಿಂದಿನ ಹಾಳೆ ತೆರೆದು.

ಉಪ್ಪು ಎಷ್ಟು?
ಬೇಕಾದಷ್ಟು.
ಬೇಕಾದಷ್ಟು ಅಂದ್ರೆ ಎಷ್ಟಮ್ಮಾ?
ಎಡಗೈಯ ಐದೂ ಬೆರಳು ಕೂಡಿಸಿ ತೋರಿಸಲು ಹೋದೆ.
ಎಡಗೈಗೆ ಗೊತ್ತಿಲ್ಲ.

ಆದರೂ ಬರೆದುಕೋ.
ಬೇಳೆಯನ್ನು ಸ್ನಾನಕ್ಕೆ ಹೋಗುವ ಮುಂಚೆ ನೆನೆಹಾಕು,
ಎರಡು ಕೂಗಿಗೆ ಇಳಿಸು.
ಮೂರನೇ ಕೂಗು ಗ್ಯಾಸಿನವನಿಗೆ ಕೊಟ್ಟ ಕಾಣಿಕೆ.
ಅಕ್ಕಿ ತೊಳೆದ ಮೊದಲ ನೀರು ಡಬ್ಬದ ದೊಡ್ಡಪತ್ರೆಗೆ,
ಎರಡನೆಯದು ಸಾರಿಗೆ.
ಆ ದೊಡ್ಡಪತ್ರೆಯದೇ ಎಂಟು ಹತ್ತು ಎಲೆ
ಜೀರಿಗೆ, ನಾಲ್ಕು ಕಾಳುಮೆಣಸಿನ ಜೊತೆ ಬಾಡಿಸಿ
ಚೂರು ಕಾಯಿ ಹಾಕಿ ರುಬ್ಬಿ ಮಜ್ಜಿಗೆ ಬೆರೆಸಿದರೆ ತಂಬುಳಿ.
ತಿಂಗಳ ಕೊನೆಗೆ ಬಂದ ನೆಂಟರಿಗೆ
ಅದನ್ನೇ ‘ಮೈಗೆ ತಂಪು’ ಅಂತ ಬಡಿಸಬೇಕು.

ಹೀರೇಕಾಯಿ ಸಿಪ್ಪೆ ಎಸೆದವರು ಯಾರು?
ನಾಳೆಯ ಚಟ್ನಿ ಎಸೆದಿರಿ.
ಕಲ್ಲಂಗಡಿಯ ಬಿಳೀ ಭಾಗ ಅಕ್ಕಿಯ ಜೊತೆ ರುಬ್ಬಿ;
ದೋಸೆ ಏಳದಿದ್ದರೆ ಕಾವಲಿಯನ್ನು ಬೈಯಬೇಡಿ,
ಈರುಳ್ಳಿ ಅರ್ಧ ಕೊಯ್ದು ಉಜ್ಜಿ.
ಎಣ್ಣೆ ಬಾಟಲಿಯ ಮುಚ್ಚಳಕ್ಕೆ
ಕಾಯಿಸಿದ ಮೊಳೆಯಿಂದ ಒಂದೇ ಒಂದು ತೂತು ಮಾಡಿ ಅಂದೆ.
ಇವರು ಬಡಗಿ. ಮೂರು ಕೊರೆದರು, ಸಾಲಾಗಿ, ಚೆಂದಕ್ಕೆ.

ಸಂಜೆ ಏಳು ದಾಟಿದ ಮೇಲೆ ಗಾಂಧಿ ಬಜಾರಿಗೆ ಹೋಗು ಹಾಲೇಶ.
ಗೋಣಿ ಮಡಚುವ ಹೊತ್ತಿಗೆ ಟೊಮೆಟೊದವಳ ದನಿ ಇಳಿಯುತ್ತದೆ,
ಜೊತೆಗೆ ರೇಟೂ.
ಅದಕ್ಕಿಂತ ಕೆಳಗೆ ಮಾತ್ರ ಎಳೆಯಬೇಡ,
ಅವಳೂ ಮನೆಗೆ ಹೋಗಿ ಒಲೆ ಹಚ್ಚಬೇಕು.

ಹಾಜರಿ ಇಲ್ಲದ ದಿನಕ್ಕೆ ಗೌರವಧನ ಇಲ್ಲ.
ನನ್ನ ಜಾಗದಲ್ಲಿ ನಸೀಮಕ್ಕ ತನ್ನ ಸೊಸೆಯನ್ನು ನಿಲ್ಲಿಸಿಕೊಂಡಿದ್ದಾಳೆ,
ಶನಿವಾರ ಬಂದು ಸೆರಗಿನ ಗಂಟು ಬಿಚ್ಚಿ
ಅರ್ಧ ನಿಂದು ಅಂದಳು.
ಬೇಡ ಅಂದೆ.
ಪೂರ್ತಿ ಬೇಡ ಅನ್ನಲು ಬಾಯಿ ಬರಲಿಲ್ಲ, ಅವಳಿಗೆ ಗೊತ್ತಾಯಿತು.
ಹೋಗುವಾಗ ಕೇಳಿದಳು,
ಆ ಹುಡುಗಿಗೆ ನಿನ್ನ ಸಾರು ಬರ್ತಿಲ್ಲ, ಏನು ಹಾಕ್ತೀಯ ಮಾರಾಯ್ತಿ?
ಯೋಚಿಸಿದೆ. ಎಲ್ಲರೂ ಹಾಕುವುದೇ.

ಊಟಕ್ಕೆ ಕೂತಾಗ ಎಡಗೈ ತಟ್ಟೆಗೆ ಹೋಯಿತು.
ಛೀ ಅಂತ ಸಿಂಚನ ಅದನ್ನು ಸರಿಸಿ
ತಾನೇ ಕಲಸಿ, ಊದಿ, ಬಾಯಿಗಿಟ್ಟಳು.
ಏಳು ವರ್ಷದವಳ ತುತ್ತು, ಗೋಲಿಯಷ್ಟು;
ಹಾಗೆ ತಿಂದರೆ ಹೊಟ್ಟೆ ಬೇಗ ತುಂಬುತ್ತದೆ.
ಇಷ್ಟು ವರ್ಷ ಉಳಿತಾಯ ಮಾಡಿದವಳಿಗೆ ಇದೊಂದು ತಿಳಿದಿರಲಿಲ್ಲ.

ನಾಲ್ಕನೇ ವಾರ, ಯಾರೂ ಇಲ್ಲದಾಗ
ಆ ನೋಟ್‌ಬುಕ್ಕು ತೆಗೆದು ನೋಡಿದೆ.
ಬೇಳೆ: ಎರಡು ಕೂಗು. ಮೂರು ಕೂಗಿದರೆ ಅಮ್ಮನೂ ಕೂಗುತ್ತಾಳೆ.
ರಾತ್ರಿಯ ಅನ್ನ: ಹಿಟ್ಟಿಗೆ ಕಲಸಿ ಅಪ್ಪ ರೊಟ್ಟಿ ತಟ್ಟಿದರು,
ನಕ್ಷೆಯಲ್ಲಿ ಆಫ್ರಿಕಾ.
ಉಪ್ಪು: ಅಮ್ಮ ಮಾತಾಡದೆ ಉಣ್ಣುವಷ್ಟು.

ಸಿಲಿಂಡರು ತಂದು ಐವತ್ತು ದಿನ ಆಯಿತಲ್ಲ,
ಒದ್ದೆ ಬಟ್ಟೆಯಿಂದ ಸುತ್ತ ಒರೆಸು ಸಿಂಚನಾ ಅಂದೆ.
ಮೇಲೆ ಬೇಗ ಆರಿತು.
ಕೆಳಗೆ, ಅವಳ ಮೊಣಕಾಲಿನ ಮಟ್ಟಕ್ಕೆ,
ಒದ್ದೆಯ ಗೆರೆ ಹಾಗೇ ನಿಂತಿತ್ತು.
ನಾಲ್ಕೂ ಜನ ಬಗ್ಗಿ ನೋಡಿದೆವು.