ಬೆರಳಳತೆ

ರಾತ್ರಿ ಎರಡೂವರೆ. ಲಿಮ್‌ಫ್ಯೋರ್ಡಿನ ಅಂಚಿನಲ್ಲಿ
ತೆಳು ಮಂಜುಗಡ್ಡೆ ಲಟಲಟ ಮುರಿಯುತ್ತಿದೆ.
ಅಡುಗೆಮನೆಯ ದೀಪಕ್ಕೆ ಬಾಟಲಿ ಹಿಡಿದು
ಹಾಲಿನ ಗೆರೆಗೆ ಬೆರಳಿಟ್ಟು ಅಳೆಯುತ್ತೇನೆ:
ನಿನ್ನೆಗಿಂತ ಒಂದು ಬೆರಳು ಹಾಲು ಕಡಿಮೆ,
ಒಂದು ಬೆರಳು ನೀರು ಜಾಸ್ತಿ.
ಕಡಲಚಿಪ್ಪು ಬಾಚಿ ಬದುಕುವ ನಾನು
ಹೆತ್ತ ಮಗಳಿಗೇ ನೀರುಹಾಲು ಅಳೆಯುವ
ಗೌಳಿಯಾಗಿದ್ದೇನೆ.

ಹಗಲಲ್ಲಿ ಮೋಸವಿಲ್ಲ. ಹದಿನಾಲ್ಕು ತಿಂಗಳ ರಗ್ನಾ
ಊಟದ ಮೇಜಿನಲ್ಲಿ ಗಟ್ಟಿ ಹಾಲನ್ನೇ ಕುಡಿಯುತ್ತಾಳೆ,
ಎರಡು ಹಿಡಿಯ ಲೋಟದಿಂದ, ಅರ್ಧ ಅಂಗಿಗೆ.
ರಾತ್ರಿಯದೇ ತಕರಾರು. ಬಾಟಲಿ ಕಚ್ಚಿಕೊಂಡೇ
ನಿದ್ದೆಗಿಳಿಯುತ್ತಾಳೆ, ಕೊನೆಯ ಗುಟುಕು ನುಂಗುವುದಿಲ್ಲ,
ಹಲ್ಲಿನ ಹಿಂದೆ ಬೆಳಗಿನವರೆಗೂ ಹಾಲಿನ ಮಡು.

ಮೇಲೆ ನಾಲ್ಕು ಹಲ್ಲು, ಕೆಳಗೆ ಎರಡು.
ಮುನಿಸಿಪಾಲಿಟಿಯ ಹಲ್ಲಿನ ದವಾಖಾನೆಯಲ್ಲಿ ಬೋಡಿಲ್
ಹೆಬ್ಬೆರಳಿನಿಂದ ಮೇಲ್ದುಟಿ ಎತ್ತಿ ತೋರಿಸಿದಳು:
ವಸಡಿನ ಅಂಚಿಗೆ ಸೀಮೆಸುಣ್ಣ ಎಳೆದಂಥ ಬಿಳಿ ಗೆರೆ.
"ಇದಿನ್ನೂ ಹುಳುಕಲ್ಲ," ಅಂದಳು,
"ಬರುತ್ತೇನೆಂದು ಹುಳುಕು ಬರೆದ ಕಾಗದ."
ನಾನು ನಗಲಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು,
ನನ್ನ ಮುಂದಿನ ನಾಲ್ಕೂ ದುಡ್ಡು ಕೊಟ್ಟು ತಂದವು.

ನನ್ನ ಬಾಟಲಿಯಲ್ಲಿದ್ದದ್ದು ಎಲ್ಡರ್ ಹಣ್ಣಿನ ಸಿಹಿ ಶರಬತ್ತು.
ಮೀನಿನ ಕಾರ್ಖಾನೆಯ ಪಾಳಿ ಮುಗಿಸಿ ಅವ್ವ ಇಂಗರ್
ಕೈತುಂಬ ಹೊಗೆವಾಸನೆ ಹೊತ್ತು ಬರುತ್ತಿದ್ದಳು;
ನಾನು ಅತ್ತರೆ ಕೆಳಮನೆಯವರು
ಪೊರಕೆಯ ಹಿಡಿಯಿಂದ ತಮ್ಮ ಸೂರು ಕುಟ್ಟುತ್ತಿದ್ದರು.
ಮೂರು ತುಂಬುವುದರೊಳಗೆ ಹಾಲುಹಲ್ಲು ಕರಿಮೊಟಕು;
ಆಮೇಲೆ ಬಂದವು ದಾರಿ ಕೇಳದೆ ಬಂದವು.

ಮಾರೆನ್ ಗೋಡೆಯತ್ತ ಹೊರಳುತ್ತಾಳೆ:
"ಕೊಟ್ಟುಬಿಡು ಟೊರ್ಕಿಲ್, ಹೇಗೂ ಬೀಳುವ ಹಲ್ಲು."
ಬೀಳುವುದೇ, ಸರಿ. ಬೀಳುವವರೆಗೂ ಅದು
ಫೆರಿಯ ಬೆಂಚಿಗೆ ಕೋಟು ಹಾಸಿ
ಹಿಂದೆ ಬರುವವರಿಗೆ ಜಾಗ ಹಿಡಿದವನಂತೆ;
ಬೇಗ ಎದ್ದುಹೋದರೆ ಪಕ್ಕದವರು ಕಾಲು ಚಾಚುತ್ತಾರೆ.
ಇಷ್ಟು ಹೇಳುವಷ್ಟರಲ್ಲಿ ಅವಳಿಗೆ ನಿದ್ದೆ.

ಗುರುವಾರ ಅವ್ವ ಬರುತ್ತಾಳೆ. ನೆಲಕ್ಕೆ ಬಿದ್ದ ನಿಪ್ಪಲ್ಲನ್ನು
ತನ್ನ ಬಾಯಲ್ಲಿ ಚೀಪಿ ಮಡಿ ಮಾಡಿ ಮೊಮ್ಮಗಳಿಗೆ ಕೊಡುತ್ತಾಳೆ,
ಬೆಕ್ಕು ಮರಿಯನ್ನು ನೆಕ್ಕುವ ಹಾಗೆ.
"ನಲ್ಲಿಯಲ್ಲಿ ತೊಳಿ ಅವ್ವಾ. ನಮ್ಮ ಬಾಯಿಯ ಹುಳುಕು
ಎಂಜಲಿನ ಜೊತೆ ಅವಳಿಗೂ ದಾಟುತ್ತದಂತೆ."
ಅವ್ವ ಆಲೂಗಡ್ಡೆ ಸುಲಿಯುತ್ತಲೇ ಇದ್ದಳು.
ಮೂರನೆಯದೋ ನಾಲ್ಕನೆಯದೋ ಮುಗಿದ ಮೇಲೆ
ಚಾಕುವನ್ನು ಕೇಳಿದಂತೆ ಕೇಳಿದಳು:
"ನಿನ್ನವು... ಆ ಶರಬತ್ತಿನಿಂದಲೇನು?"
"ಛೆ, ಇಲ್ಲ," ಅಂದೆ.
ಕೊಂಡು ತಂದ ಹಲ್ಲಿಗೆ ಸುಳ್ಳು ಕಚ್ಚುವುದಿಲ್ಲ.

ಮುಂದಿನ ಗುರುವಾರ ಜಾಮಿನ ಶೀಸೆಯೊಂದನ್ನು ಮೇಜಿಗಿಟ್ಟಳು,
ಒಳಗೆ ಕುದಿಸಿ ಒಣಗಿಸಿದ ಮೂರು ನಿಪ್ಪಲ್.
ಮಾತಿಲ್ಲ.

ಪಾರ್ಕಿನ ಮರವೊಂದಕ್ಕೆ ಊರ ಮಕ್ಕಳು
ತಮ್ಮ ನಿಪ್ಪಲ್‌ಗಳನ್ನು ರಿಬ್ಬನ್ನಿನಲ್ಲಿ ಕಟ್ಟಿ ಬೀಳ್ಕೊಡುತ್ತಾರೆ.
ಅದರಡಿ ಹಾಯುವಾಗೆಲ್ಲ ರಗ್ನಾ
ತನ್ನದನ್ನು ಇನ್ನಷ್ಟು ಬಿಗಿಯಾಗಿ ಕಚ್ಚಿಕೊಳ್ಳುತ್ತಾಳೆ.
ಇರಲಿ. ಒಂದು ಸಲಕ್ಕೆ ಒಂದು ಜಗಳ ಸಾಕು.

ಹನ್ನೊಂದನೆಯ ರಾತ್ರಿ ಬಾಟಲಿಯ ತುಂಬ ಬರೀ ನೀರು.
ಎರಡು ಗುಟುಕು ಎಳೆದಳು, ನಿಲ್ಲಿಸಿದಳು,
ಕತ್ತಲಲ್ಲಿ ನನ್ನನ್ನೇ ನೋಡಿದಳು.
ಆಮೇಲೆ ಬಾಟಲಿ ಗೋಡೆಗೆ. ಆಮೇಲೆ ಆ ಅಳು.
ಕೆಳಮನೆಯಿಲ್ಲದ ಮನೆ ನಮ್ಮದು, ಪುಣ್ಯ.
ಎತ್ತಿಕೊಂಡು ಕಿಟಕಿಯಿಂದ ಒಲೆಗೆ, ಒಲೆಯಿಂದ ಕಿಟಕಿಗೆ;
ನಾಲ್ಕಕ್ಕೆ ತಣ್ಣಗಾದಳು.
ಒದ್ದೆ ಬಟ್ಟೆ ಬೆರಳಿಗೆ ಸುತ್ತಿ
ಆ ಬಿಳಿ ಗೆರೆಯನ್ನು ಒರೆಸಹೋದರೆ
ಚಿಪ್ಪಿನ ಹಾಗೆ ಮುಚ್ಚಿಕೊಂಡಿತು ಬಾಯಿ,
ನನ್ನ ಬೆರಳು ಒಳಗೆ.

ಐದಕ್ಕೆ ದೋಣಿ. ಮೊದಲ ಬಲೆ ಎಳೆಯುವಾಗ
ಕೈಗವುಸಿನೊಳಗೆ ಉಪ್ಪುನೀರು ಇಳಿದು
ತೋರುಬೆರಳಿನಲ್ಲಿ ಉರಿ:
ಮೇಲೆ ನಾಲ್ಕು, ಕೆಳಗೆ ಎರಡು.
ಎಣಿಸಿದೆ. ಎಲ್ಲವೂ ಇದ್ದವು.