ಮೂರನೇ ಫರಸಿ

ಬ್ಯಾಸಗಿ ಒಳಗ ಬರಬಾರದಂತ
ನಮ್ಮ ಮುತ್ಯಾ ಎರಡು ಮೊಳ ದಪ್ಪ ಕಟ್ಟಿಸಿದ ಗ್ವಾಡಿ,
ಶಹಾಬಾದದ ಕಲ್ಲಿನ ಮ್ಯಾಲ ಕಲ್ಲು.
ಮೇ ತಿಂಗಳ ಬಿಸಿಲು ಅದರ ಮುಂದ ಇವತ್ತಿಗೂ ಸೋತದ.
ಸಿಗ್ನಲ್ಲೂ ಸೋತದ.
ಫೋನು ಒಳಗ ತಂದ್ರ ಕಡ್ಡಿ ಒಂದೊಂದೇ ಬೀಳ್ತಾವ,
ಮೈಲಿಗಿ ಆದವರಂಗ
ಹೊಸ್ತಿಲ ಆಚೀಗೇ ನಿಂದಿರ್ತದ ಅದು.

ಅದಕ್ಕ ಸಂಜಿ ಐದಕ್ಕ
ಅಂಗನವಾಡಿ ಬಾಗಿಲಾ ಹಾಕಿ
ತೂಕದ ರಿಜಿಸ್ಟರ್ ಬಗಲಾಗ ಹಿಡಕೊಂಡು
ಶಮೀಮ್ ಆಪಾನ ಝೆರಾಕ್ಸ್ ಅಂಗಡಿಗಿ ಹೋಗ್ತೀನಿ.

ಐದು ರೂಪಾಯಿಗಿ ಒಂದು ವೈಫೈ ಚೀಟಿ.
ಹಳೇ ಲಗ್ನಪತ್ರಿಕಿ ಕತ್ತರಿಸಿ ಮಾಡಿದ್ದು:
ಈ ಕಡಿ ಆರು ಅಂಕಿ,
ಆ ಕಡಿ ಯಾರದೋ ಮುಹೂರ್ತದ ಅರ್ಧ,
‘ಬಂಧು ಮಿತ್ರರೊಡನೆ ತಾವು ಸಹಕು’
ಅಲ್ಲಿಗೇ ಕತ್ತರಿ ಬಿದ್ದದ.
ನಾಳಿ ಇಷ್ಟೊತ್ತಿನ ತನಕ ನಡಿತದ.
ಉದ್ರಿ ಇಲ್ಲ. ಆಪಾಗ ಮಾತೂ ಕಡಿಮಿ.

ಅಂಗಡಿ ಮುಂದಿನ ಕಟ್ಟಿಗಿ ಏಳು ಫರಸಿ.
ಒಂದನೇದ್ರ ಮ್ಯಾಲ ಕುಂತ್ರ ಬರೇ ಮೆಸೇಜು,
ಐದನೇದ್ರ ಮ್ಯಾಲ ಫೋಟೊ, ಅದೂ ತಾಸಿಗೊಂದು.
ಮೂರನೇದ್ರ ಮ್ಯಾಲ ಎಲ್ಲಾ ಬರ್ತದ.
ಮೋನಪ್ಪ, ನಲವತ್ತು ವರ್ಷ ಖಣಿಯಾಗ ಉಳಿ ಹಿಡದಾವ,
ಬೆರಳ ಗೆಣ್ಣಿನಿಂದ ಅದನ್ನ ಬಡದು ನೋಡಿದ:
“ಕಲ್ಲಿಂದೇನೂ ಇಲ್ಲ. ಎದುರಿಗಿ ಕಿಟಕಿ ಅದ, ಅಷ್ಟೇ.”

ಸರದಿ ಎಲ್ಲೂ ಬರದಿಟ್ಟಿಲ್ಲ, ಎಲ್ಲರಿಗೂ ಬಾಯಿಪಾಠ.
ಮೊದಲು ಸುಲೋಚನಾ, ನರ್ಸಿಂಗ್ ಪಾಠ.
ಅಕಿ ಲ್ಯಾಪ್‌ಟಾಪಿನ ಕೀಲು ಮುರದದ,
ಮುಚ್ಚಳಕ್ಕ ಒಂದು ಇಟ್ಟಂಗಿ ಆಸರ.
ಆಮ್ಯಾಲ ನಾನು, ನನ್ನ ನಲವತ್ತೊಂದು ಮಕ್ಕಳ ತೂಕ.
ಆಮ್ಯಾಲ ಆಟೋದ ಲಾಡ್ಲೆಸಾಬ, ವಿಮೆ ಕಾಗದ.
ಕಡೀಕ ಮೋನಪ್ಪ, ಕುಸ್ತಿ ನೋಡ್ಲಿಕ್ಕ, ಆವಾಜ ಬಂದ್ ಮಾಡಿ.
ಪೈಲ್ವಾನ ಎತ್ತಿ ಒಗಿಯೋದ್ರಾಗ ನಿಂತುಬಿಡ್ತದ ಚಿತ್ರ.
ಒಬ್ಬಾಂವ ಗಾಳ್ಯಾಗೇ ಇರ್ತಾನ, ಕಾಲು ಮ್ಯಾಲ ಮಾಡಿ.
ಮೋನಪ್ಪ ಬೀಡಿ ಹಚ್ಚತಾನ. ಅವಸರ ಇಲ್ಲ ಅವಗ,
ಎತ್ತಿದ್ದು ಎಂದಿದ್ರೂ ಬೀಳಲೇಬೇಕು.

ಆವತ್ತು ಮಂಗಳವಾರ.
ಅಂಬ್ರೇಶನ ತೂಕ ಹ್ವಾದ ತಿಂಗಳು ಎಂಟು ಕಿಲೋ ಎರಡು ನೂರು,
ಈ ತಿಂಗಳು ಏಳು ಕಿಲೋ ಆರು ನೂರು.
ಎರಡು ಸಲ ತೂಗಿದೆ.
ಮುಳ್ಳು ಸುಳ್ಳು ಹೇಳಿದ್ರ ಛಲೋ ಇತ್ತು.
ಅಂಕಿ ಮ್ಯಾಲ ಹೋದ್ರನೇ
ಕಲಬುರಗಿ ದವಾಖಾನ್ಯಾಗ ಹಾಸಗಿ, ಕರಕೊಂಡು ಹೋಗ್ಲಿಕ್ಕ ಗಾಡಿ.

ನಾ ಕಟ್ಟಿ ಮುಟ್ಟೋದ್ರಾಗ ಟಿಸಿ ಸುಟ್ಟು ಕರೆಂಟ್ ಹೋಗಿತ್ತು.
ಕಿಟಕ್ಯಾಗಿನ ಡಬ್ಬಿದ ಹಸಿರು ದೀಪ ಆರಿತ್ತು.

ಯಾರಿಗೂ ಏನೂ ಹೇಳಿರಲಿಲ್ಲ ನಾನು.
ರಿಜಿಸ್ಟರ್ ತೆರೆದು ಕುಂತಿದ್ದೆ, ಸುಲೋಚನಾ ಓದಿರಬೇಕು.
ಎದ್ದು ಮೂರನೇ ಫರಸಿ ಬಿಟ್ಟಳು, ಇಟ್ಟಂಗಿ ಸಮೇತ.
ಲಾಡ್ಲೆಸಾಬ ಆಟೋದ ಸೀಟು ಎತ್ತಿ ಬ್ಯಾಟ್ರಿ ಬಿಚ್ಚಿದ.
ಎರಡು ತಂತಿ, ಹಲ್ಲಿನಿಂದ ಸುಲಿದದ್ದು.
ಹಸಿರು ದೀಪ ಒಮ್ಮೆ ಕಣ್ಣು ಹೊಡೀತು,
ಆಮ್ಯಾಲ ನಿಂತಿತು.

“ಎಲ್ಲರೂ ಬಂದ್ ಮಾಡ್ರಿ,” ಅಂದ್ಳು ಆಪಾ,
ಮೊದಲ ಸಲ ದನಿ ಏರಿಸಿ.
ಒಂದೊಂದೇ ಫೋನು ಆರಿದವು ಕಟ್ಟಿ ಮ್ಯಾಲ.
ಕತ್ತಲಿನಾಗ ನಂದೊಂದೇ ಬೆಳಕು,
ಅದರಾಗ ಒಂದು ಸಣ್ಣ ಚಕ್ರ
ತಿರುಗಿತು.
ತಿರುಗಿತು.

“ಹೋಯ್ತೇನು?” ಮೋನಪ್ಪ.
“ಹೋಯ್ತು.”

ಗಾಡಿ ಬಂತೇನು ಅಂತ ಕೇಳ್ಬ್ಯಾಡ್ರಿ.
ಬಂತು, ಮೂರನೇ ದಿನಕ್ಕ.
ಅದರೊಳಗ ನಾ ಎರಡು ಸಲ ಫೋನ್ ಮಾಡೀನಿ,
ಒಂದು ಸಲ ಬೈದೀನಿ.

ಆಪಾ ಆವತ್ತಿನ ಚೀಟಿಗೂ ಐದು ರೂಪಾಯಿ ತಗೊಂಡ್ಳು.
ತಗೋಬೇಕು. ತಿಂಗಳ ಬಿಲ್ಲು ಯಾರು ಕಟ್ತಾರ?
ಚಿಲ್ಲರ ಎಣಿಸಿ ಡಬ್ಬ್ಯಾಗ ಹಾಕಿ
ಚೀಟಿ ತಿರುವಿ ಕೊಟ್ಳು. ಈ ಸಲ ಅದರ ಮ್ಯಾಲ
ವಧುವಿನ ಹೆಸರು ಪೂರ್ತಿ ಇತ್ತು.

ಬ್ಯಾಟ್ರಿ ಇನ್ನೂ ಬಿಚ್ಚಿರಲಿಲ್ಲ.
ಮೋನಪ್ಪ ಸರಿದು ಮೂರನೇದ್ರ ಮ್ಯಾಲ ಕುಂತ,
ಗಾಳ್ಯಾಗಿನ ಆ ಪೈಲ್ವಾನ
ಧಪ್ಪಂತ ಬಿದ್ದ, ಆವಾಜ ಇಲ್ದಂಗ,
ಕೆಂಪು ಮಣ್ಣಿನ ಮ್ಯಾಲ.