ಕಿಟ್ಟ

ಟಿಕೆಟ್ ಕೊಡುವವನ ಬಳಿ ಚಿಲ್ಲರೆ ಇರಲಿಲ್ಲ,
ಎರಡು ಕಿತ್ತಳೆ ಕೊಟ್ಟ.
ನೆಲ ನೋಡಲು ಬಂದವಳು ನಾನು,
ಬರಿ ನೆಲ.
ಗೋಡೆ ಹೋಗಿದೆ, ಸೂರು ಹೋಗಿದೆ, ಒಡೆಯನ ಹೆಸರೂ ಹೋಗಿದೆ.
ಗುಡ್ಡದಿಂದ ಜಾರಿದ ಕೆಸರು
ನೂರಾರು ವರ್ಷ ಹೊದಿಸಿ ಮಲಗಿಸಿದ್ದಕ್ಕೆ
ನೆಲವೊಂದು ಉಳಿದಿದೆ.

ಕಬ್ಬಿಣದ ಅಟ್ಟಣೆಯಿಂದ ಬಗ್ಗಿ ನೋಡಬೇಕು,
ಬಾವಿಗೆ ಬಿದ್ದ ಕೊಡ ಹುಡುಕುವವರ ಹಾಗೆ.
ಕೆಳಗೆ ಅಗ್ರಿಪ್ಪೀನ
ಮಂಡಿಗೆ ರಬ್ಬರ್ ಚಿಪ್ಪು ಕಟ್ಟಿಕೊಂಡು
ಹುಲಿಯೊಂದರ ಕಿವಿ ಒರೆಸುತ್ತಿದ್ದಳು.
ಒಣಗಿದ್ದಾಗ ಎಲ್ಲ ಒಂದೇ ಮಂಕು, ರಾಗಿಹಿಟ್ಟಿನ ಬಣ್ಣ;
ಒದ್ದೆ ಸ್ಪಂಜು ಸರಿದದ್ದೇ ತಡ
ಹಳದಿ ಎದ್ದಿತು, ಅದರ ಬೆನ್ನಿಗೆ ಕೆಂಪು,
ಕಣ್ಣಿನಲ್ಲಿ ಹಸಿರು ಗಾಜಿನ ಎರಡೇ ಎರಡು ಹರಳು.
ನಾಲ್ಕು ನಿಮಿಷ.
ಆಮೇಲೆ ಮತ್ತೆ ರಾಗಿಹಿಟ್ಟು.

"ದಿನಕ್ಕೆ ಎಷ್ಟಾಗುತ್ತದೆ?"
ಅಂಗೈ ಅಗಲಿಸಿ ತೋರಿಸಿದಳು.

ಆಚೆ, ಆನೆಯನ್ನು ಹಡಗಿಗೆ ಹತ್ತಿಸುತ್ತಿದ್ದಾರೆ.
ಮುಂಗಾಲು ಹಲಗೆಯ ಮೇಲೆ, ಹಿಂಗಾಲು ದಡದಲ್ಲಿ,
ಅಂದಿನಿಂದ ದಡದಲ್ಲೇ.
ಓಣಿಯ ತುದಿಗೆ ಕೂತ ಕಂದು ಹೆಣ್ಣು, ಕೈಯಲ್ಲಿ ದಂತ.
"ನಿಮ್ಮ ಕಡೆಯವಳು ಅನ್ನುತ್ತಾರೆ ಕೆಲವರು,
ಆಫ್ರಿಕಾದವಳು ಅನ್ನುತ್ತಾರೆ ಇನ್ನು ಕೆಲವರು. ನೀವೇ ನೋಡಿ."
ನೋಡಿದೆ. ಮೂಗು ನನ್ನ ಸೋದರತ್ತೆಯದೇ.
ಹೇಳಲಿಲ್ಲ; ಟ್ಯುನೀಸಿಯಾದ ಮುದುಕನೊಬ್ಬ
ಪಕ್ಕದಲ್ಲಿ ನಿಂತು ಅದೇ ಮೂಗನ್ನು
ಬಹಳ ಹೊತ್ತಿನಿಂದ ನೋಡುತ್ತಿದ್ದ.

ಮೊಲದ ಹಿಂದೆ ಬಿದ್ದ ಹುಡುಗನಿಗೆ
ಸೊಂಟದಿಂದ ಕೆಳಗೆ ಬೂದು ಗಾರೆ.
ಓಡುವವನಿಗೆ ಕಾಲು ಇದ್ದೇ ಇರುತ್ತಲ್ಲ, ಕೂಡಿಸಬಾರದೇ ಎಂದೆ.
"ಇತ್ತು. ಹೇಗಿತ್ತೋ ಗೊತ್ತಿಲ್ಲ.
ಗೊತ್ತಿಲ್ಲದ ಕಡೆ ಗಾರೆ ಹಾಕುವುದು ನನ್ನ ಕೆಲಸ."

*

ದೂರದ ಬೆಟ್ಟ ನುಣ್ಣಗೆ ಎಂದುಕೊಂಡೇ ಬಂದವಳು;
ಹತ್ತಿರ ಬಂದರೆ ಬೆಟ್ಟವೆಲ್ಲಿ, ಕಿಟ್ಟ.
ಕುಲುಮೆಯವ ಎಳೆದೆಸೆದು ಮರೆತ ಕಿಟ್ಟ,
ಕಣ್ಣು ಸೋಲುವವರೆಗೆ.
ನಡುವೆ ಒಂದು ಮಾಳಿಗೆಯ ಅಂಚು,
ಅದಕ್ಕೊಂದು ಡೊಂಕು ಆಂಟೆನಾ.

"ಚಿಕ್ಕಪ್ಪನದು," ಎಂದ ಸಾರೋ, ವ್ಯಾನಿನ ಗೇರು ಬದಲಿಸುತ್ತ.
"ಅವಳು ಮೂರು ದಿನ ವಾಯಿದೆ ಕೊಟ್ಟಳು.
ಬಾಗಿಲು, ಕಿಟಕಿ, ಹಂಚು, ಎಲ್ಲ ಬಿಚ್ಚಿ ತಂದೆವು.
ಚಿಕ್ಕಮ್ಮ ಕಡೆಗೆ ಒಳಗೆ ಹೋಗಿ ನೆಲ ಒರೆಸಿ
ಮೇಜಿನ ಮೇಲೆ ಬ್ರೆಡ್ಡು, ಒಂದು ಶೀಸೆ ವೈನು ಇಟ್ಟು ಬಂದಳು.
ಅಷ್ಟು ದೂರದಿಂದ ಬರುವವಳು, ಹಸಿದಿರುತ್ತಾಳೆ."

ಯಾರು ಅವಳು?
ಗದ್ದ ಎತ್ತಿ ಹೊಗೆಯ ಕಡೆ ತೋರಿಸಿದ.

ನನ್ನ ಮಾತಿನಲ್ಲಿ ಬೆಟ್ಟ 'ಅದು'.
ಕಲ್ಲು ಅದು, ಬೆಂಕಿ ಅದು.
'ಅದು' ಬಂದರೆ ತಟ್ಟೆ ಹಾಕುವುದು ಹೇಗೆ
ಎಂದು ಮೂರು ತಿರುವು ಯೋಚಿಸಿದೆ.
ನಾಲ್ಕನೆಯದರಲ್ಲಿ ಹೊಳೆಯಿತು: ಮಗುವೂ ಅದೇ.
ಅದಕ್ಕೆ ಹಸಿವಾಗಿದೆ, ಅಳುತ್ತಿದೆ
ಎಂದು ಎದ್ದು ಹಾಲೂಡಿಸುವುದೂ
ಈ ಮಾತಿನಲ್ಲೇ.

ಮೇಲೆ ಗಾಳಿ. ಗಂಧಕ. ಬೂಟಿನ ಅಟ್ಟೆಯಡಿ
ದೋಸೆಕಲ್ಲಿನಷ್ಟು ಬಿಸಿ.
ಬಾಯಿಯ ಅಂಚಿಗೆ ಹೋಗಲು ಸಾರೋ ಬಿಡಲಿಲ್ಲ.
ಒಂದು ಕಿತ್ತಳೆ ಇಬ್ಬರೂ ತಿಂದೆವು,
ಸಿಪ್ಪೆಯನ್ನು ಅವನು ಜೇಬಿಗೆ ಹಾಕಿಕೊಂಡ.
ಅಷ್ಟೇ ಆಯಿತು ಮೇಲೆ.

*

ರಾತ್ರಿಯೆಲ್ಲ ಬೂದಿ ಸುರಿಯಿತಂತೆ, ನನಗೆ ನಿದ್ದೆ.
ಬೆಳಗ್ಗೆ ಬೀದಿ ತುಂಬ ಪೊರಕೆಯ ಸದ್ದು,
ಬಾಲ್ಕನಿಯಿಂದ ಬಾಲ್ಕನಿಗೆ ಕೊಡೆ ಹಿಡಿದೇ ಕುಶಲ.
ನಾನೂ ಒಂದು ಕೈ ಹಾಕೋಣವೆಂದು
ಒಂದು ಚೆಂಬು ನೀರು ಸುರಿದೆ.

"ನೀರು ಬೇಡ! ನೀರು ಬೇಡ!"
ಓಡಿ ಬಂದಳು ಮನೆಯೊಡತಿ ಕ್ರೋಚಿಫೀಸ.
ಅಷ್ಟರಲ್ಲಿ ಅದು ಗಾರೆ.

ಮಧ್ಯಾಹ್ನದವರೆಗೆ ಇಬ್ಬರೂ ಕುಕ್ಕರಗಾಲಲ್ಲಿ
ಚೀಸು ಕೊಯ್ಯುವ ಚಾಕುವಿನಿಂದ ಕೆರೆದೆವು.
ಅವಳು ಬೈದಳು, ನನ್ನನ್ನೋ, ಬೆಟ್ಟವನ್ನೋ,
ಎರಡಕ್ಕೂ ಅವರಲ್ಲಿ ಒಂದೇ ಸರ್ವನಾಮ.
ಕೆಳಗೆ ನೀಲಿ ಹೂವಿನ ಹಂಚು ಕಂಡಿತು.
ಒಂದು ಎಸಳು ಇರಲಿಲ್ಲ.
ಇನ್ನೂ ಕೆರೆಯುತ್ತಿದ್ದೆ; ಅವಳು ಕೈ ಹಿಡಿದಳು:
ಅದು ಹಳೆಯ ಗಾರೆ.
ಗಂಡ ಹಾಕಿದ್ದು.